ಅಗಲ ಟೇಪಿನ ಮೇಲೆ ನಾನು

ಒಂದೇ ಒಂದು ವಿಷಯ ಬಲ್ಲವನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ. ಹತ್ತು ವಿಷಯ ಬಲ್ಲವನು ಎಲ್ಲಾದರೂ ಅನುಮಾನಪಟ್ಟು ಬಾಯಿ ಮುಚ್ಚಿಯಾನು; ನನ್ನಂಥವನಿಗೆ ಆ ಸೌಲಭ್ಯವಿಲ್ಲ. ನಾನು ಬಲ್ಲ ಆ ಒಂದು ವಿಷಯ ಟೇಪ್ ರೆಕಾರ್ಡಿಂಗ್. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಅಹಮದಾಬಾದಿಗೆ ಬಂದು, ನಿವೃತ್ತನಾಗಿ, ವಸ್ತ್ರಾಪುರದಲ್ಲೇ ನೆಲೆನಿಂತ ಇಷ್ಟು ವರ್ಷಗಳಲ್ಲಿ ಟೇಪಿನ ಅಗಲ ಮತ್ತು ವೇಗದ ಬಗ್ಗೆ ನನ್ನಿಂದ ಪಾಠ ಹೇಳಿಸಿಕೊಳ್ಳದವರು ನಮ್ಮ ಸೊಸೈಟಿಯಲ್ಲಿ ಯಾರೂ ಉಳಿದಿಲ್ಲ. ಕೆರೆಯ ಸುತ್ತ ವಾಕಿಂಗ್ ಬರುವವರು ನನ್ನನ್ನು ಕಂಡೊಡನೆ ಓಡತೊಡಗುವುದು ಆರೋಗ್ಯದ ಕಾಳಜಿಯಿಂದ ಎಂದೇ ನಾನು ಬಹುಕಾಲ ನಂಬಿದ್ದೆ.

ಪಾಠ ಚಿಕ್ಕದು, ನಾನು ಹೇಳಿದಾಗ ಮಾತ್ರ ದೊಡ್ಡದಾಗುತ್ತದೆ. ಟೇಪಿನ ಮೇಲೆ ಸವರಿರುವುದು ತುಕ್ಕಿನಂಥ ಒಂದು ಪುಡಿ. ದನಿ ಕೂರುವುದು ಆ ಪುಡಿಯ ಮೇಲೆ. ಪಟ್ಟಿ ಅಗಲವಾಗಿದ್ದಷ್ಟೂ ದನಿಗೆ ಜಾಗ ಹೆಚ್ಚು, ಹಿಂದಿನ ‘ಸುಸ್ಸ್’ ಸದ್ದು ಕಡಿಮೆ. ಟೇಪು ಬೇಗ ಓಡಿದಷ್ಟೂ ಬಳೆಯ ಕಿಣಿಕಿಣಿಯಂಥ ಸಣ್ಣ ಸದ್ದುಗಳೂ ಉಳಿಯುತ್ತವೆ. ಜಿಪುಣತನ ಮಾಡಿ ನಿಧಾನವಾಗಿ ಓಡಿಸಿ, ಒಂದೇ ಟೇಪನ್ನು ನಾಲ್ಕು ಸಣ್ಣ ಪಟ್ಟಿಗಳಾಗಿ ಬಳಸಿದರೆ ಗಂಟೆಗಟ್ಟಲೆ ಹಿಡಿಸುತ್ತದೆ, ಆದರೆ ಕೇಳುವಂತಿರುವುದಿಲ್ಲ. “ಹಾಗೆ ಮಾಡುವವರು ಮೂರ್ಖರು” ಎಂದು ಪಾಠ ಮುಗಿಸುವುದು ನನ್ನ ಪದ್ಧತಿ.

ಈ ಪಾಂಡಿತ್ಯ ಪರೀಕ್ಷೆಗೆ ಬಂದದ್ದು ಮಗಳು ಅನಘಾಳ ಮದುವೆ ವಡೋದರಾದ ಹುಡುಗನೊಂದಿಗೆ ನಿಶ್ಚಯವಾದಾಗ. ಗುಜರಾತಿ ಮದುವೆಯಲ್ಲಿ ಫಟಾಣಾ ಎಂಬ ಹಾಡುಗಳಿವೆ; ಹೆಂಗಸರೆಲ್ಲ ಸೇರಿ ಎದುರು ಪಕ್ಷದವರ ಮಾನ ಹರಾಜು ಹಾಕುವುದೇ ಅವುಗಳ ಉದ್ದೇಶ. ಹುಡುಗನ ತಾಯಿ ಭಾವನಾಬೆನ್ ನಗುತ್ತಲೇ ಕೇಳಿದರು: “ವೇವಾಯಿ, ಬೀಗರೇ, ನಾವು ನಿಮ್ಮ ಮೇಲೆ ಹಾಡ್ತೀವಿ. ನಿಮ್ಮಲ್ಲಿ ಹಾಡೋರು ಯಾರೂ ಇಲ್ವಾ?” ಅವರು ಕೇಳಿದ್ದು ಹಿಂದಿಯಲ್ಲಿ, ನನಗೆ ಚುಚ್ಚಿದ್ದು ಅಪ್ಪಟ ಕನ್ನಡದಲ್ಲಿ. ಬೀಗರ ಹಾಡು ನಮ್ಮಲ್ಲೂ ಉಂಟು. ನನ್ನ ಅವ್ವ ಹಾಡಲು ನಿಂತರೆ ಬೀಗರು ಊಟದ ಎಲೆಯಿಂದ ತಲೆ ಎತ್ತುತ್ತಿರಲಿಲ್ಲ. ಅವ್ವ ಈಗಿಲ್ಲ. ಹೆಂಡತಿ ಶಾಂತಲೆಗೆ ಆ ಹಾಡುಗಳು ಬಾರವು, ಅನಘಾಳ ಕನ್ನಡವಂತೂ “ಪಪ್ಪಾ, ಊಟ ಆಯ್ತಾ” ದಾಟಿ ಮುಂದೆ ಹೋಗಿಲ್ಲ. ಆದರೆ ನಾನಿದ್ದೇನಲ್ಲ! “ನಮ್ಮ ತಾಯಿಯ ಹಾಡುಗಳನ್ನು ನಾನೇ ರೆಕಾರ್ಡ್ ಮಾಡಿಟ್ಟಿದ್ದೇನೆ. ನಾನು ಮಾಡಿದ್ದು ಅಂದಮೇಲೆ ಗುಣಮಟ್ಟ ಕೇಳಬೇಕೆ?” ಎಂದೆ. ಮುಂದಿನ ಭಾನುವಾರ ಊಟಕ್ಕೂ ಹಾಡಿಗೂ ಬೀಗರನ್ನು ಕರೆದೇಬಿಟ್ಟೆ.

ಅಟ್ಟದಲ್ಲಿದ್ದ ಹಳೆಯ ಮೆಷಿನ್ನಿಗೆ ಹೊಸ ಬೆಲ್ಟು ಹಾಕಿಸಿದ್ದಾಯಿತು. ಸಿಕ್ಕಿದ್ದು ಟೇಪು ಸುತ್ತಿದ ಎರಡು ಸ್ಪೂಲು. ಭಾನುವಾರ ಹೋಳಿಗೆ ಊಟವಾದ ಮೇಲೆ ಬೀಗರನ್ನು ಸೋಫಾದ ಮೇಲೆ ಸಾಲಾಗಿ ಕೂರಿಸಿ, ಅಗಲ ಮತ್ತು ವೇಗದ ಬಗ್ಗೆ ಚಿಕ್ಕ ಮುನ್ನುಡಿ ಹೇಳಿ, ಮೊದಲನೆಯದನ್ನು ಹಚ್ಚಿದೆ. ಕಾದ ಹಂಚಿಗೆ ನೀರು ಚಿಮುಕಿಸಿದಂಥ ಸದ್ದು. ಅದರ ಅಡಿಯಲ್ಲಿ ಎಲ್ಲೋ ಅವ್ವ ಹಾಡುತ್ತಿದ್ದಳು. ರಾಗ ತಿಳಿಯುತ್ತಿತ್ತು, ಒಂದು ಮಾತೂ ತಿಳಿಯುತ್ತಿರಲಿಲ್ಲ. ಆಗ ನೆನಪಾಯಿತು. ಅವ್ವನ ಹಾಡುಗಳನ್ನೆಲ್ಲ ಒಂದೇ ಸ್ಪೂಲಿಗೆ ತುರುಕುವ ಹುಕಿಯಲ್ಲಿ ಅತಿ ನಿಧಾನದ ಸ್ಪೀಡಿನಲ್ಲಿ, ನಾಲ್ಕು ಪಟ್ಟಿಗಳಲ್ಲಿ ಹಿಡಿದಿಟ್ಟ ಮೂರ್ಖ ನಾನೇ. “ಬಹಳ ಒಳ್ಳೇ ರಾಗ” ಎಂದರು ಭಾವನಾಬೆನ್. ಅವರು ಸಂಸ್ಕಾರವಂತರು.

“ಇನ್ನೊಂದು ಹಚ್ರಿ, ನೋಡೂಣು” ಎಂದಳು ಶಾಂತಲಾ, ನನ್ನ ಮುಖ ನೋಡದೆ. ಅದನ್ನು ಹಚ್ಚಿದೆ. ಆಹಾ, ಏನು ದನಿ! ಕಾಲೇಜಿನ ದೊಡ್ಡ ಮೆಷಿನ್ನನ್ನು ಒಂದೇ ದಿನದ ಮಟ್ಟಿಗೆ ಬೇಡಿ ತಂದು, ಟೇಪಿನ ಪೂರ್ತಿ ಅಗಲದಲ್ಲಿ, ಪೂರ್ತಿ ವೇಗದಲ್ಲಿ ಮಾಡಿದ ರೆಕಾರ್ಡಿಂಗ್. ಉಸಿರೂ ಕೇಳುತ್ತಿತ್ತು. ಉಸಿರು ನನ್ನದು. “ಹಲೋ, ಹಲೋ. ಒಳ್ಳೆಯ ಧ್ವನಿಮುದ್ರಣಕ್ಕೆ ಮುಖ್ಯವಾಗಿ ಬೇಕಾದದ್ದು...” ಎಂದು ಇಪ್ಪತ್ತರ ಹರೆಯದ ನಾನು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅರ್ಧ ಗಂಟೆಯ ಆ ಟೇಪು ಮುಗಿಯಲು ಬಂದಾಗ ಹಿಂದಿನಿಂದ ಬಳೆಯ ಸದ್ದು ಕೇಳಿಸಿತು. ಆಮೇಲೆ ಅವ್ವ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ:

“ಮುಗೀತೇನಪಾ ನಿಂದು? ನಾ ಯಾವಾಗ ಹಾಡ್ಲಿ?”

“ತಡೀ ಅವ್ವಾ, ನಡುವ ಮಾತಾಡಬ್ಯಾಡ. ಟೇಪ್ ಹಾಳಾಗ್ತದ.”

ಅಲ್ಲಿಗೆ ಟೇಪು ಮುಗಿದು ಸ್ಪೂಲು ಸುಮ್ಮನೆ ತಿರುಗತೊಡಗಿತು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಆ ರೆಕಾರ್ಡಿಂಗಿನ ಮರುದಿನವೇ ಕಾಲೇಜಿನ ಮೆಷಿನ್ನು ವಾಪಸ್ಸು ಹೋಗಿತ್ತು. ಅವ್ವ ಆಮೇಲೆ ನನ್ನ ಹಳೆಯ ಡಬ್ಬಿಯಂಥ ಮೆಷಿನ್ನಿನ ಮುಂದೆ ಕೂತು, ಬೇಸರವಿಲ್ಲದೆ ಅಷ್ಟೂ ಹಾಡುಗಳನ್ನು ಹಾಡಿದ್ದಳು. ಅನಘಾ ರೆಕಾರ್ಡ್ ಮಾಡಿಕೊಳ್ಳಲು ಫೋನು ಹಿಡಿದು, “ಪಪ್ಪಾ, ಅಜ್ಜಿದು ಮತ್ತೆ ಹಾಕಿ” ಎಂದಳು. ಅಜ್ಜಿ ಏನಂದಳೆಂದು ಅಮ್ಮನಿಂದ ಬಿಡಿಸಿ ತಿಳಿದುಕೊಂಡಳು.

ವಡೋದರಾದ ಮದುವೆಯಲ್ಲಿ ಊಟಕ್ಕೆ ಮುಂಚೆ ಅವರ ಕಡೆಯ ಹೆಂಗಸರು ನನ್ನ ಹೊಟ್ಟೆ, ನನ್ನ ಬೋಳು ತಲೆ, ನನ್ನ ಗುಜರಾತಿ ಉಚ್ಚಾರ ಯಾವುದನ್ನೂ ಬಿಡದೆ ಹಾಡಿದರು. ನಮ್ಮ ಸರದಿ ಬಂದಾಗ ಮದುಮಗಳೇ ಎದ್ದು ಫೋನನ್ನು ಮೈಕಿಗೆ ಹಿಡಿದಳು. ಅವ್ವನ ಎರಡು ಮಾತು, ನನ್ನ ಗದರಿಕೆ. ಶಾಂತಲಾ ಹಿಂದಿಯಲ್ಲಿ ಅರ್ಥ ಹೇಳುವಷ್ಟರಲ್ಲಿ ಇಡೀ ಸಭೆ ನಗುತ್ತಿತ್ತು. ನಮ್ಮ ಕಡೆಯ ಬೀಗರ ಹಾಡು ಅಷ್ಟೇ. ಮಾನ ಹರಾಜಾದದ್ದೂ ನಮ್ಮ ಕಡೆಯವನದೇ.

ನಗು ಅಡಗಿದ ಮೇಲೆ ಪಕ್ಕದಲ್ಲಿದ್ದ ಹುಡುಗನ ತಂದೆ ನನ್ನ ಕಡೆ ಬಾಗಿ, ಅಷ್ಟು ಹಳೆಯ ಟೇಪಿನಲ್ಲಿ ನಿಮ್ಮ ತಾಯಿಯ ದನಿ ಇಷ್ಟು ಸ್ಪಷ್ಟವಾಗಿ ಉಳಿದದ್ದು ಹೇಗೆ ಎಂದು ಕೇಳಿದರು. ನನ್ನ ಜೀವಮಾನದಲ್ಲಿ ಒಬ್ಬರು ತಾವಾಗಿಯೇ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎಷ್ಟು ವಿನಯವಂತರು ಎಂದು ಅವರು ಈಗಲೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರಂತೆ.