ಹುಡುಗಿ ಹೇಗೆ ಅಂತ ಕೇಳಲು ಹೋದಾಗ

ಖಾಕಿ ತೊಟ್ಟು ಹೋದರೆ ಜನ ಬಾಯಿ ಬಿಡುವುದಿಲ್ಲ, ಮಫ್ತಿಯಲ್ಲಿ ಹೋದರೆ ಬಾಯಿ ಮುಚ್ಚುವುದಿಲ್ಲ. ತುಮಕೂರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿರುವ ನನಗೆ ಇದು ಆಗುತ್ತಲೇ ಇರುತ್ತದೆ. ಸರ್ಕಾರಿ ಕೆಲಸ ಸಿಕ್ಕವರ ಹಿಂದುಮುಂದು ವಿಚಾರಿಸಿ ವರದಿ ಕೊಡುವುದು ನನ್ನ ಪಾಲಿನ ಕೆಲಸ. ನನಗಂತೂ ಬಲು ಇಷ್ಟ. ಕಳ್ಳರನ್ನು ಹಿಡಿಯುವವರಿಗೆ ಓಟ, ನನಗೆ ಹೋದಲ್ಲೆಲ್ಲ ಕಾಫಿ.

ಈಚೆಗೆ ಒಬ್ಬ ಹುಡುಗಿಗೆ ಕೇಂದ್ರ ಸರ್ಕಾರದಲ್ಲಿ ಗುಟ್ಟು ಕಾಯುವಂಥ ಕೆಲಸ ಸಿಕ್ಕಿತು. ನಮ್ಮ ವರದಿ ಹೋಗದೆ ಆರ್ಡರ್ ಬರುವುದಿಲ್ಲ. ಸ್ಟೇಷನ್ನಿಗೆ ಬಂದವಳು ಮೊದಲ ಮಾತಿಗೇ, "ಸಾರ್, ಕಾಲೇಜಲ್ಲಿದ್ದಾಗ ಅಜ್ಜಿ ಊರಲ್ಲಿ ನೀರಿಗೆ ಗಲಾಟೆ ಆಯ್ತು. ಪೊಲೀಸ್ನೋರು ನನ್ನೂ ಹಿಡ್ಕೊಂಡು ಹೋಗಿದ್ರು. ಫಾರಮ್ಮಲ್ಲಿ ಮುಚ್ಚಿಡದೆ ಬರ್ದಿದೀನಿ. ಕೆಲ್ಸ ಹೋಗುತ್ತಾ?" ಎಂದಳು. ಕಣ್ಣಲ್ಲಿ ನೀರು.

"ಮುಚ್ಚಿಟ್ರೆ ಹೋಗುತ್ತಮ್ಮ. ಹೇಳಿದೀಯಲ್ಲ, ನೋಡ್ತೀನಿ ಬಿಡು" ಎಂದೆ.

ಉಪ್ಪಾರಹಳ್ಳಿ

ಹುಡುಗಿಯ ಮನೆ ಉಪ್ಪಾರಹಳ್ಳಿಯಲ್ಲಿ. ಪಕ್ಕದ ಮನೆಯ ಆಂಟಿಯನ್ನು "ಆ ಹುಡುಗಿ ಹೇಗಮ್ಮ?" ಅಂತ ಕೇಳಿದ್ದೇ ತಡ, ಕುರ್ಚಿ ಬಂತು, ಕಾಫಿಯೂ ಬಂತು.

"ಬಂಗಾರದಂಥ ಹುಡುಗಿ. ಎದುರು ಮಾತಾಡಲ್ಲ. ಮುದ್ದೆ ಎಷ್ಟು ಚೆನ್ನಾಗಿ ಕಟ್ತಾಳೆ ಗೊತ್ತಾ? ಹುಡುಗ ಏನ್ ಮಾಡ್ಕೊಂಡಿದಾನೆ?"

ನಾನು ಗಂಡಿನ ಕಡೆಯವನಲ್ಲ, ಪೊಲೀಸು ಎಂದು ಕಾರ್ಡು ತೋರಿಸಿದೆ. ಆಂಟಿ ಕಾಫಿ ಲೋಟ ಹಿಂದಕ್ಕೆಳೆದುಕೊಂಡರು. "ಅವ್ಳು ಅಷ್ಟು ಮೆತ್ತಗಿದ್ದಾಗ್ಲೇ ಅಂದ್ಕೊಂಡೆ!"

ದೊಡ್ಡ ಸರ್ಕಾರಿ ಕೆಲಸಕ್ಕೆ ವಿಚಾರಣೆ ಅಂತ ಬಿಡಿಸಿ ಹೇಳಿದೆ. ಲೋಟ ಮತ್ತೆ ಮುಂದೆ ಬಂತು.

"ನಮ್ ಹುಡುಗನಿಗೂ ಹೆಣ್ಣು ನೋಡ್ತಿದೀವಿ ಸಾರ್. ನಿಮ್ಮ ಫೈಲಲ್ಲಿ ಅವ್ಳ ನಕ್ಷತ್ರ ಏನಾದ್ರೂ ಇದೆಯಾ?"

ಗುಬ್ಬಿ

ಹುಡುಗಿ ಹೈಸ್ಕೂಲು ಓದಿದ್ದು ಗುಬ್ಬಿಯ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು. ಇಂಥ ಕೆಲಸಕ್ಕೆ ವಿದೇಶದ ನೆಂಟರ ವಿಷಯವನ್ನೂ ಕೇಳಬೇಕು. ಆದರೆ ನಮ್ಮ ಕಡೆ ಮನೆತನದ ಬಗ್ಗೆ ಯಾರೇ ಕೇಳಲಿ, ಒಂದಕ್ಕೆ ನಾಲ್ಕು ಸೇರಿಸಿ ಹೇಳುವುದೇ ಮರ್ಯಾದೆ.

"ಫಾರಿನ್ನಲ್ಲಿ ಯಾರಾದ್ರೂ ಇದಾರಾ ಯಜಮಾನ್ರೇ?"

ದೊಡ್ಡಪ್ಪ ಮೀಸೆ ತಿರುವಿದರು. "ಇಲ್ದೆ ಏನು! ನನ್ನ ಅಳಿಯ ದುಬೈ, ಬಾಮೈದ ಸಿಂಗಪುರ."

"ಹಾಗಾದ್ರೆ ಅಡ್ರೆಸ್ ಕೊಡಿ. ಅವ್ರ ವಿಚಾರಣೆ ಮುಗಿಯೋವರೆಗೂ ಹುಡುಗಿಗೆ ಆರ್ಡರ್ ಬರಲ್ಲ."

ದೊಡ್ಡಪ್ಪನ ದನಿ ಇಳಿಯಿತು. "ಸಿಂಗಪುರದೋನು ಟೂರ್ ಹೋಗಿದ್ದ, ವಾರಕ್ಕೇ ವಾಪಸ್ ಬಂದ ಸಾರ್."

"ದುಬೈ ಅಳಿಯ?"

"ಪಾಸ್‌ಪೋರ್ಟ್ ಮಾಡ್ಸಿದ್ದ. ಒಳಗೇ ಮಲಗವ್ನೆ, ಎಬ್ಬಿಸ್ಲಾ?"

ಮಾರ್ಕೋನಹಳ್ಳಿ ಕಡೆ

ಕೊನೆಗೆ ಉಳಿದದ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರದ ಅಜ್ಜಿಯ ಊರು. ಮೊದಲು ಆ ಕಡೆಯ ಸ್ಟೇಷನ್ನಿನಲ್ಲಿ ವಿಚಾರಿಸಿದೆ. ನಾಲೆಗೆ ನೀರು ಬಿಡಿ ಅಂತ ರಸ್ತೆಯಲ್ಲಿ ಕೂತವರನ್ನೆಲ್ಲ ಬಸ್ಸಿಗೆ ತುಂಬಿ, ಕಲ್ಯಾಣ ಮಂಟಪದಲ್ಲಿ ಕೂರಿಸಿ, ಚಿತ್ರಾನ್ನ ಕೊಟ್ಟು, ಸಂಜೆಗೆ ಮನೆಗೆ ಕಳಿಸಿದ್ದರು. ಯಾರ ಮೇಲೂ ಕೇಸಿಲ್ಲ. ಪಾಪ, ಹುಡುಗಿಯ ಕೆಲಸ ಉಳಿಯಿತಲ್ಲ ಅಂತ ನನಗೇ ಹಾಯೆನಿಸಿತು.

ಖುಷಿಯಲ್ಲೇ ಅಜ್ಜಿಯ ಮನೆಗೆ ಹೋದೆ. ಜಗಲಿ ತುಂಬ ಜನ ಕೂತಿದ್ದರು, ನಡುವೆ ಅಜ್ಜಿ. ಎಲ್ಲರಿಗೂ ಕೇಳಲಿ ಅಂತ ದನಿಯೆತ್ತಿ ಹೇಳಿದೆ. "ಅಜ್ಜೀ, ಒಳ್ಳೇ ಸುದ್ದಿ! ನಿಮ್ಮ ಮೊಮ್ಮಗಳ ಮೇಲೆ ಕೇಸೇ ಇಲ್ಲ. ನಿಮ್ಮೂರಲ್ಲಿ ಯಾರ ಮೇಲೂ ಇಲ್ಲ!"

ಜಗಲಿಯವರೆಲ್ಲ ಅಜ್ಜಿಯ ಮುಖ ನೋಡಿದರು. ಅಜ್ಜಿ ನನ್ನ ತೋಳು ಹಿಡಿದು ದರದರ ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಮೆತ್ತಗೆ ಮಾತಾಡಪ್ಪ! ನೀರಿಗೋಸ್ಕರ ಜೈಲಿಗೆ ಹೋಗಿ ಬಂದೋಳು ಅಂತ ಓಟು ಕೇಳಿ ಪಂಚಾಯ್ತಿ ಮೆಂಬರ್ ಆಗಿವ್ನಿ ಕಣಪ್ಪ!"

"ಈಗೇನ್ ಮಾಡೋದು ಅಜ್ಜಿ?"

"ಮೊಮ್ಮಗಳ ಮೇಲೆ ಕೇಸಿಲ್ಲ ಅಂತ ಬರ್ಕೋ, ಅವ್ಳು ಚೆನ್ನಾಗಿರ್ಲಿ" ಎಂದು ಅಜ್ಜಿ ನನ್ನ ಗಲ್ಲ ಹಿಡಿದರು. "ನನ್ ಮೇಲೆ ಮಾತ್ರ ಒಂದು ಹಾಕ್ಬುಡು. ಹಳೇ ತಾರೀಕಲ್ಲಿ!"