ಬಾಗಿಲು ಬಡಿದ ನ್ಯಾವಿಗೇಟರ್

ಊರ ಮಂದಿಯನ್ನೆಲ್ಲ ಅಣಕಿಸುವವನಿಗೆ ತನಗೂ ಒಂದು ದನಿ ಇದೆ ಎಂಬುದೇ ಮರೆತುಹೋಗಿರುತ್ತದೆ. ಕೊಂಕಣಿ ಸೀಮೆಯ ಗಣಿ ಊರಾದ ನಮ್ಮ ಉಸಗಾಂವದಲ್ಲಿ ನಾನು ಯಾರನ್ನೂ ಬಿಟ್ಟಿಲ್ಲ. ಬಸ್ ಕಂಡಕ್ಟರನ ಕೊಂಕಣಿ, ಅವ್ವನ ಬಯ್ಗುಳ, ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಾನೇ ಆಡುವ ದೊಡ್ಡಸ್ತಿಕೆಯ ಮಾತು, ಎಲ್ಲವೂ ಬರುತ್ತವೆ. ಅದಕ್ಕೇ ಗಣಿ ಟಿಪ್ಪರ್ ಓಡಿಸುವ ಗೆಳೆಯ ಮೆಹಬೂಬ, ಹೊಸಬರ ಕಾರು ರ‍್ಯಾಲಿಯಲ್ಲಿ ಪಕ್ಕ ಕೂರಲು ನನ್ನನ್ನೇ ಕರೆದ. "ನಿನ್ನ ಬಾಯಿ ಒಮ್ಮೆರ ಉಪಯೋಗಕ್ಕ ಬರ್ಲಿ" ಎಂದ.

ರ‍್ಯಾಲಿಯಲ್ಲಿ ಕಾರುಗಳೆಲ್ಲ ಒಟ್ಟಿಗೆ ನುಗ್ಗುತ್ತವೆ ಎಂದುಕೊಂಡಿದ್ದೆ. ಅಲ್ಲವಂತೆ. ಒಂದು ಹೋದ ಮೇಲೆ ಇನ್ನೊಂದು. ಜಗಳವೆಲ್ಲ ಗಡಿಯಾರದ ಜೊತೆ. ಪಕ್ಕ ಕೂತವನು ನ್ಯಾವಿಗೇಟರ್. ಹಿಂದಿನ ದಿನ ನಿಧಾನ ಹೋಗಿ ತಿರುವುಗಳನ್ನು ಬರೆದುಕೊಂಡು, ಮರುದಿನ ಅವು ಕಣ್ಣಿಗೆ ಬೀಳುವ ಮುಂಚೆಯೇ ಓದಿ ಹೇಳಬೇಕು. "ಎಡ ಐದು" ಎಂದರೆ ಸಲೀಸು. "ಬಲ ಒಂದು" ಎಂದರೆ ಬಲಕ್ಕೆ ಕಡುತಿರುವು, ದೇವರೇ ಗತಿ. ಚಲೋ ಓಡಿಸಿದರೆ, ಕಾರು ಕೊಟ್ಟ ಗ್ಯಾರೇಜಿನ ಸಾವಕಾರರು ಮೆಹಬೂಬನನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳುವವರಿದ್ದರು. ಅವನು ವಾರದಿಂದ ರೊಟ್ಟಿ ಮುರಿಯುವಾಗಲೂ ಸ್ಟೇರಿಂಗ್ ತಿರುಗಿಸುತ್ತಿದ್ದ.

"ನೀ ಓದು ಸಾಕು. ನಿನ್ನ ಮಾತು ನಂಬಿ ಹೊಡೀತೀನಿ."

"ನಮ್ಮವ್ವನೂ ನನ್ನ ಮಾತು ನಂಬಂಗಿಲ್ಲಲೇ" ಎಂದೆ.

ಹೊರಟೆವು. ಸುತ್ತಲೂ ಕೆಂಪು ಧೂಳು. ಮೊದಲೆರಡು ತಿರುವುಗಳನ್ನು ಕಂಡಕ್ಟರನ ದನಿಯಲ್ಲಿ ಓದಿದೆ, ಮೆಹಬೂಬ ನಕ್ಕ. ಮುಂದಿನದು "ಬಲ ಒಂದು". ಅದನ್ನೂ ಓದಿದೆ, ಆಮೇಲೆ ತಲೆ ಎತ್ತಿ ನೋಡಿದೆ. ನೋಡಬಾರದಿತ್ತು. ರಸ್ತೆ ಮುಗಿದು ಬರೀ ಆಕಾಶ ಕಾಣುತ್ತಿತ್ತು. ನಿಲ್ಲಿಸು ಎನ್ನಲು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ಬಾಗಿಲನ್ನು ದಪದಪ ಬಡಿದೆ.

ಟಿಪ್ಪರಿನವರ ಪದ್ಧತಿಯೊಂದಿದೆ. ಕ್ಲೀನರ್ ಬಾಗಿಲಿಗೆ ಒಮ್ಮೆ ಬಡಿದರೆ ನಿಲ್ಲಬೇಕು, ಬಿಟ್ಟೂಬಿಡದೆ ಬಡಿದರೆ ದಾರಿ ಖಾಲಿ, ಹೊಡಿ. ಮೆಹಬೂಬ ಹೊಡೆದ. ಬ್ರೇಕಿನ ಮೇಲಿದ್ದ ಕಾಲು ಆಕ್ಸಿಲರೇಟರಿಗೆ ಹೋಯಿತು. ಕಾರು ಅಡ್ಡಡ್ಡವಾಗಿ ಜಾರಿತು. ದಾರಿಯೆಲ್ಲ ನನ್ನ ಪಕ್ಕದ ಕಿಟಕಿಯಲ್ಲಿ ಕಾಣಿಸಿತು. ಅಂಚಿನ ಜಲ್ಲಿ ಕಣಿವೆಗೆ ಉದುರಿತು, ನಾವು ಮಾತ್ರ ಉದುರಲಿಲ್ಲ.

ಕೊನೆಯಲ್ಲಿ ವಿಜಯಪುರ ಕಡೆಯ ಆ ಸಾವಕಾರರು ಬಂದು ನನ್ನ ಬೆನ್ನು ತಟ್ಟಿದರು. "ಆ ತಿರುವಿನ್ಯಾಗ ಎಲ್ಲಾರೂ ಹೆದರಿ ಬ್ರೇಕ್ ಒತ್ತಿದ್ರು. ನೀ ಬಾಗಿಲಾ ಬಡದು ಹೊಡಿ ಅಂದಿಯಂತ. ಏನ್ ಧೈರ್ಯನಪಾ. ಇಬ್ಬರೂ ಬರ್ರಿ ನಮ್ಮ ತಂಡಕ್ಕ."

ಒಲ್ಲೆ ಎನ್ನಲು ಬಾಯಿ ತೆರೆದೆ. ದನಿ ಇನ್ನೂ ವಾಪಸು ಬಂದಿರಲಿಲ್ಲ. ಅವರು ಒಪ್ಪಿಗೆ ಎಂದುಕೊಂಡರು.

ಈಗ ಚಹಾದಂಗಡಿಯಲ್ಲಿ ಅಣಕಿಸುವವನು ಮೆಹಬೂಬ. ಕಣ್ಣು ಹೊರಬಿಟ್ಟು, ಬಾಯಿ ತೆರೆದು, ಸದ್ದಿಲ್ಲದೆ ಮೇಜು ಬಡಿಯುತ್ತಾನೆ. ತಪ್ಪು ಹುಡುಕಲು ನೋಡಿದೆ. ಖರೇ ಹೇಳುತ್ತೇನೆ, ಥೇಟ್ ನಾನೇ.