ಪರೀಕ್ಷಾ ಹಾಲಿನಲ್ಲಿ ಕ್ಯಾಲ್ಕುಲೇಟರ್ ನಡೆದುಕೊಂಡ ರೀತಿಯ ಬಗ್ಗೆ

ಮಾನ್ಯ ಕ್ಯಾಲ್ಕುಲೇಟರ್ ಮಹೋದಯರೇ,

ತಾವು ಸಮಸ್ತ ಗುಂಡಿಗಳೊಂದಿಗೆ ಕ್ಷೇಮವೆಂದು ಭಾವಿಸಿ, ಏಳರ ಗುಂಡಿ ಕೊಂಚ ಸವೆದಿರುವುದನ್ನು ಎತ್ತಿ ಆಡದೆ, ಅತ್ಯಂತ ವಿನಯದಿಂದ ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮಗೆ ಓದಲು ಬಾರದ ಕಾರಣ ಬಹಿರಂಗವಾಗಿಯೇ ಬರೆಯಬೇಕಾಯಿತು, ಬೇಸರಿಸಬಾರದು.

ನಾನು ಹದಿನೆಂಟು ವರ್ಷ ಸರ್ವೇಯರುಗಳ ಎದುರು ಅಳತೆಕೋಲು ಹಿಡಿದು ಬಿಸಿಲಲ್ಲಿ ನಿಂತವನು. ನಾನೇ ಸರ್ವೇಯರ್ ಆಗಲು ಪರೀಕ್ಷೆ ಪಾಸಾಗಬೇಕು, ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ. ಹಿಂದೆ ಎರಡು ಸಲ ಫೇಲಾದಾಗಲೂ, ನಡುವೆ ಬ್ಯಾಟರಿ ಮುಗಿದು ತಾವು ಕಣ್ಣು ಮುಚ್ಚಿದಿರೆಂದು ಮನೆಯಲ್ಲಿ ಹೇಳಿದ್ದೆ. ತಾವು ಮುಚ್ಚಿರಲಿಲ್ಲ. ಆ ಸುಳ್ಳಿಗೆ ಇಲ್ಲಿ ಕ್ಷಮೆ ಕೋರುತ್ತೇನೆ.

ಆದರೆ ಮನೆಯವರು ನಂಬಿಬಿಟ್ಟರು, ಈ ಸಲ ಟೊಂಕ ಕಟ್ಟಿ ನಿಂತರು. ಸ್ಟೋರ್‌ಕೀಪರ್ ಆಗಿ ನಿವೃತ್ತರಾದ ಅಪ್ಪ ಹನ್ನೆರಡು ಬ್ಯಾಟರಿ ತಂದು ಒಂದೊಂದಕ್ಕೂ ನಂಬರಿನ ಚೀಟಿ ಅಂಟಿಸಿದರು. ಕೆಡದಿರಲೆಂದು ಅಮ್ಮ ಅವನ್ನು ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟರು. ಭಾವಮೈದುನ ತಮ್ಮಂಥ ಇನ್ನೊಬ್ಬರನ್ನು, ಆ ಇನ್ನೊಬ್ಬರೂ ಕೆಟ್ಟರೆ ಇರಲೆಂದು ಮೂರನೆಯವರನ್ನೂ ಕರೆತಂದ. ಹಿಂದಿನ ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್, ಸ್ಕ್ರೂ ಉರುಳಿಹೋದರೆ ಹುಡುಕಲು ಟಾರ್ಚು, ಆ ಟಾರ್ಚಿಗೆ ಬೇರೆ ಬ್ಯಾಟರಿ. ನಾಲ್ಕು ತಿಂಗಳು ಪ್ರತಿ ಬೆಳಿಗ್ಗೆ ಅಪ್ಪ ಗಡಿಯಾರ ಹಿಡಿದು ಕೂತು ನನ್ನಿಂದ ಬ್ಯಾಟರಿ ಬದಲಿಸುವ ಅಭ್ಯಾಸ ಮಾಡಿಸಿದರು. ಪುಸ್ತಕ ತೆಗೆದರೆ, 'ಅದೆಲ್ಲಾ ನಿಂಗೆ ಬರುತ್ತಲ್ಲೋ, ಮೊದ್ಲು ಮುಚ್ಚಳ ಬಿಚ್ಚು' ಎನ್ನುವರು. ಬರುವುದಿಲ್ಲ ಎನ್ನಲು ನನಗೆ ಬಾಯೆಲ್ಲಿತ್ತು?

ಇಷ್ಟಾದ ಮೇಲೆ ಪರೀಕ್ಷೆಯ ದಿನ ತಾವು ಮಾಡಿದ್ದೇನು? ಮೂರು ಗಂಟೆಯೂ ಒಂದಿಷ್ಟೂ ಮಂಕಾಗದೆ ದುಡಿದಿರಿ. ಒಂದು ಕೊಳದ ವಿಸ್ತೀರ್ಣ ಇಡೀ ಊರಿಗಿಂತ ದೊಡ್ಡದಾಗಿ ಬಂದಾಗಲೂ ಸಂಕೋಚವಿಲ್ಲದೆ ಅದನ್ನು ದಶಾಂಶದವರೆಗೆ ತೋರಿಸಿದಿರಿ. ಕೈಕೊಟ್ಟಿದ್ದು ಪಕ್ಕದ ಬೆಂಚಿನವನ ಕ್ಯಾಲ್ಕುಲೇಟರ್! ಅವನು ಅಳುವಂತಾಗಿದ್ದ. ಮೇಲ್ವಿಚಾರಕರ ಅಪ್ಪಣೆ ಪಡೆದು ಎಂಟನೇ ನಂಬರಿನ ಬ್ಯಾಟರಿಯನ್ನು ಮೂವತ್ತೆಂಟು ಸೆಕೆಂಡಿನಲ್ಲಿ ಹಾಕಿಕೊಟ್ಟೆ. ಆ ಹಾಲಿನಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ. ಅವನು ಪಾಸಾಗುತ್ತಾನೆ.

ಮನೆಗೆ ಬಂದರೆ ಬಾಗಿಲಲ್ಲೇ ಅಪ್ಪ ಕೇಳಿದ್ದು ಒಂದೇ ಮಾತು: 'ಕ್ಯಾಲ್ಕುಲೇಟರ್ ನಡೀತಾ?' ನಡೆಯಿತು ಎಂದೆ. ಅಮ್ಮ ಕಣ್ಣೊರೆಸಿಕೊಂಡರು, ಅಪ್ಪ ಬೀದಿಯವರಿಗೆಲ್ಲ ಹೇಳಿ ಬಂದರು. ಸೋಮವಾರ ಫಲಿತಾಂಶ. ಕುಣಿಯಲಾರದವನಿಗೆ ನೆಲ ಡೊಂಕು ಎನ್ನುತ್ತಾರೆ. ಮನೆಮಂದಿಯೆಲ್ಲ ಸೇರಿ ನೆಲವನ್ನು ಸಮ ಮಾಡಿಟ್ಟರೆ ಅವನು ಎಲ್ಲಿಗೆ ಹೋಗಬೇಕು? ನನಗೆ ನಿಜವಾಗಿಯೂ ಭಯವಾಗುತ್ತಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕಳೆದ ಗುರುವಾರ ಪರೀಕ್ಷೆಯ ನಡುವೆ ಹನ್ನೊಂದು ಇಪ್ಪತ್ತಕ್ಕೆ ಅನ್ವಯವಾಗುವಂತೆ ಈಗಲಾದರೂ ಕೆಟ್ಟುಹೋಗಬೇಕೆಂದು, ಹಾಗೆ ಕೆಟ್ಟಿರುವುದನ್ನು ತಮ್ಮ ಪರದೆಯ ಮೇಲೆ ಲಿಖಿತವಾಗಿ ದೃಢೀಕರಿಸಬೇಕೆಂದು, ಅದೂ ಆಗದಿದ್ದರೆ ಅಪ್ಪನೆದುರು ಒಮ್ಮೆಯಾದರೂ ಮಿನುಗಿ ಆರಬೇಕೆಂದು ಕೈಮುಗಿದು ಬೇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೋಲು ಹಿಡಿಯುವವನು

ತಾ.ಕ.: ಈ ಪತ್ರವನ್ನು ಹೆಂಡತಿ ಓದಿದಳು. 'ಅತ್ತೆ ಮಾವ ನಂಬಿರಬಹುದು. ಮೊದಲ ಸಲ ನೀವು ಪರೀಕ್ಷೆ ಬರೆದು ಬಂದ ಸಂಜೆ ಕಿಟಕಿ ಪರದೆಗೆ ಎಷ್ಟು ಬಟ್ಟೆ ಬೇಕು ಅಂತ ನಾನು ಅದ್ರಲ್ಲೇ ಲೆಕ್ಕ ಹಾಕಿದ್ದೆ' ಎಂದಳು. ತಮ್ಮನ್ನೂ ನನ್ನ ಪುಸ್ತಕವನ್ನೂ ಎತ್ತಿಕೊಂಡು ಒಳಗೆ ಹೋದಳು. ವಯಸ್ಸಿನ ಮಿತಿ ದಾಟಲು ಅವಳಿಗೆ ಇನ್ನೂ ಆರು ವರ್ಷವಿದೆಯಂತೆ.